ಕ್ಯಾಮೆರಾ ಕಂಪನಿಗೆ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಬೇಡಿಕೆ ಬರೆಯುತ್ತಿದ್ದೇನೆ, ಏನೇನು ಕೇಳಬಹುದು?

ರಂಗಸ್ಥಳ:
ಎಲ್ಲರಿಗೂ ನಮಸ್ಕಾರ. ನಾನು ಜಾಸ್ತಿ ತೆಗೆಯುವುದು ಯಕ್ಷಗಾನದ ಫೋಟೋ. ರಾತ್ರಿ ಆಟ, ಎಲ್‌ಇಡಿ ಬೆಳಕು, ಕೆಂಪು ದಗಲೆ (ವೇಷದ ಅಂಗಿ), ಅದರ ಮೇಲೆ ಮಿರುಗುವ ಎದೆಕಟ್ಟು. ತೆಗೆಯುವುದೆಲ್ಲ ರಾ ಫೈಲ್, ಅಂದರೆ ಸೆನ್ಸರ್ ಹಿಡಿದದ್ದು ಹಾಗೇ ಇರುವ ಫೈಲ್. ಆದರೆ ಫೋಟೋ ತೆಗೆದು ಸ್ಕ್ರೀನ್ ನೋಡಿದರೆ ಬೆಳಕು ಜಾಸ್ತಿಯಾಯಿತು ಅಂತ ದಗಲೆ ಪೂರ್ತಿ ಮಿನುಗುತ್ತಿರುತ್ತದೆ, ಬೆಳಕಿನ ಮಟ್ಟ ತೋರಿಸುವ ಗ್ರಾಫ್ ಅಂದರೆ ಹಿಸ್ಟೋಗ್ರಾಮ್‌ನ ಕೆಂಪು ಬಲಗಡೆ ಅಂಚಿಗೆ ಹೋಗಿ ಅಂಟಿಕೊಂಡಿರುತ್ತದೆ. ಸರಿ ಅಂತ ಎಕ್ಸ್‌ಪೋಷರ್ ಇಳಿಸಿದರೆ, ಮನೆಯಲ್ಲಿ ಫೈಲ್ ತೆರೆದಾಗ ಕೆಂಪಿನಲ್ಲಿ ಇನ್ನೂ ಬೇಕಾದಷ್ಟು ಜಾಗ ಉಳಿದಿರುತ್ತದೆ, ಕಪ್ಪು ಬಟ್ಟೆಯ ಮಡಿಕೆಗಳಲ್ಲಿ ಮಾತ್ರ ಬರೀ ನಾಯ್ಸ್, ಕಾಳು ಕಾಳು. ಇದನ್ನು ಫರ್ಮ್‌ವೇರ್‌ನಲ್ಲೇ ಸರಿ ಮಾಡಬಹುದಾ? ಕಂಪನಿಗೆ ಬರೆಯೋಣ ಅಂತಿದ್ದೇನೆ. ಹೆಸರು ಬೇಡ, ಎಲ್ಲರದ್ದೂ ಇದೇ ಕಥೆ ಅಲ್ವಾ. ನಿಮ್ಮ ಬೇಡಿಕೆ ಇದ್ದರೂ ಹೇಳಿ, ಸೇರಿಸುತ್ತೇನೆ.

ಹಳೇಲೆನ್ಸ್:
ಮಾಡಬಹುದು, ಖಂಡಿತ. ಸ್ಕ್ರೀನ್‌ನಲ್ಲಿ ಕಾಣುವ ಹಿಸ್ಟೋಗ್ರಾಮ್ ರಾ ಫೈಲಿನದ್ದಲ್ಲ, ಅದರ ಜೊತೆಗೆ ಕ್ಯಾಮೆರಾ ಸಿದ್ಧ ಮಾಡಿಡುವ ಜೆಪೆಗ್ ಚಿತ್ರದ್ದು. ಜೆಪೆಗ್ ಆಗುವಾಗ ವೈಟ್ ಬ್ಯಾಲೆನ್ಸ್‌ಗೆ (ಬಿಳಿ ಬಿಳಿಯಾಗಿಯೇ ಕಾಣಲು ಮಾಡುವ ಹೊಂದಾಣಿಕೆ) ಅಂತ ಕೆಂಪನ್ನು ಗುಣಿಸುತ್ತಾರೆ. ಡೇಲೈಟ್ ಸೆಟ್ಟಿಂಗ್‌ನಲ್ಲಿ ಬಹಳಷ್ಟು ಸೆನ್ಸರ್‌ಗಳಿಗೆ ಅದು ಸುಮಾರು 2 ಪಟ್ಟು, ಅಂದರೆ ಒಂದು ಸ್ಟಾಪ್. ಅದರ ಮೇಲೆ ಪಿಕ್ಚರ್ ಸ್ಟೈಲ್‌ನ ಕಾಂಟ್ರಾಸ್ಟ್ ಬೇರೆ. ಹಾಗಾಗಿ ರಾ ತುಂಬುವ ಮೊದಲೇ ಜೆಪೆಗ್ ತುಂಬಿಬಿಡುತ್ತದೆ. ಸದ್ಯಕ್ಕೆ ನ್ಯೂಟ್ರಲ್ ಸ್ಟೈಲ್ ಹಾಕಿ, ಕಾಂಟ್ರಾಸ್ಟ್ ಕೆಳಗಿಳಿಸಿ, ಸ್ವಲ್ಪ ಹತ್ತಿರ ಬರುತ್ತದೆ.

ರಾ ಹಿಸ್ಟೋಗ್ರಾಮ್ ಕ್ಯಾಮೆರಾದಲ್ಲಿ ಆಗಲ್ಲ ಅಂತ ಯಾರಾದರೂ ಹೇಳಿದರೆ ಮ್ಯಾಜಿಕ್ ಲ್ಯಾಂಟರ್ನ್ ಸಾಫ್ಟ್‌ವೇರ್ ತೋರಿಸಿ. 2009ರಲ್ಲಿ ಕ್ಯಾನನ್ 5ಡಿ ಮಾರ್ಕ್ 2ಗೆ ಅಂತ ಕಂಪನಿಯ ಹೊರಗಿನವರು ಶುರು ಮಾಡಿದ್ದು. ಮೆಮೊರಿ ಕಾರ್ಡ್‌ನಿಂದಲೇ ಓಡುತ್ತದೆ. ಜೀಬ್ರಾ (ಬೆಳಕು ಜಾಸ್ತಿಯಾದ ಕಡೆ ಗೆರೆ), ಫೋಕಸ್ ಪೀಕಿಂಗ್ (ಫೋಕಸ್ ಆದ ಅಂಚು ಎದ್ದು ಕಾಣುವುದು), ರಾ ಹಿಸ್ಟೋಗ್ರಾಮ್ ಎಲ್ಲ ಕೊಟ್ಟರು, 2013ರಲ್ಲಿ ರಾ ವಿಡಿಯೋ ಕೂಡ. ಆ ಕಾಲದ ಪ್ರೊಸೆಸರ್‌ಗೆ ಆಗಿದ್ದು ಇವತ್ತಿನದ್ದಕ್ಕೆ ಆಗಲ್ವಾ?

ಮಂಗಟ್ಟೆ:
ಹಾಗಂತ ಎಲ್ಲವೂ ಫರ್ಮ್‌ವೇರ್‌ನಿಂದ ಬರಲ್ಲ ಮಾರಾಯ್ರೆ. ನಾನು ಹಕ್ಕಿ ತೆಗೆಯುವವನು, ನನಗೆ ಬೇಕಾದದ್ದು ಪ್ರೀ ಕ್ಯಾಪ್ಚರ್. ರಂಗನತಿಟ್ಟಿನಲ್ಲಿ ಮಿಂಚುಳ್ಳಿ ಕೊಂಬೆ ಬಿಟ್ಟ ಮೇಲೆ ಬಟನ್ ಒತ್ತಿದರೆ ಸಿಗುವುದು ಖಾಲಿ ಕೊಂಬೆ. ಬಟನ್ ಅರ್ಧ ಒತ್ತಿ ಹಿಡಿದಾಗಿನಿಂದಲೇ ಫ್ರೇಮ್‌ಗಳನ್ನು ಬಫರ್‌ನಲ್ಲಿ (ತಾತ್ಕಾಲಿಕ ಮೆಮೊರಿ) ಇಟ್ಟುಕೊಳ್ಳುತ್ತಾ ಇರಬೇಕು. ನಿಕಾನ್ ಜೆಡ್9ಗೆ ಇದು 2022ರ ಫರ್ಮ್‌ವೇರ್ 2.00ರಲ್ಲಿ ಬಂತು, ಕ್ಯಾಮೆರಾ ಕೊಂಡಾಗ ಇರಲೇ ಇಲ್ಲ. ಆದರೆ ಅದಕ್ಕೆ ವೇಗವಾಗಿ ಓದುವ ಸ್ಟ್ಯಾಕ್ಡ್ ಸೆನ್ಸರ್ ಮೊದಲೇ ಇತ್ತು. ನಮ್ಮ ಹಳೇ ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಕೆಳಗಿರುವಾಗ ಸೆನ್ಸರ್‌ಗೆ ಬೆಳಕೇ ಬೀಳಲ್ಲ, ಅದಕ್ಕೆ ಎಷ್ಟು ಪತ್ರ ಬರೆದರೂ ಅಷ್ಟೇ. ಜೆಡ್9ರಲ್ಲೂ ಅದು ಕೊಟ್ಟಿದ್ದು ಜೆಪೆಗ್‌ನಲ್ಲಿ ಮಾತ್ರ. ರಾ ಕೊಡಿ ಅಂತ ನನ್ನ ಪರವಾಗಿ ಒಂದು ಸಾಲು ಹಾಕಿ.

ಮುಹೂರ್ತ ಸ್ಟುಡಿಯೋ:
ನೀವೆಲ್ಲ ದೊಡ್ಡದು ಕೇಳುತ್ತಿದ್ದೀರಿ, ನನ್ನದು ತೀರಾ ಚಿಕ್ಕದು. ಗಡಿಯಾರ! ಮದುವೆಗೆ ಎರಡು ಕ್ಯಾಮೆರಾ ಬಾಡಿ ಒಯ್ಯುತ್ತೇವೆ, ಎರಡರ ಟೈಮ್ ಒಂದೇ ಇರಲ್ಲ. ಕಂಪ್ಯೂಟರ್‌ನಲ್ಲಿ ಟೈಮ್ ಪ್ರಕಾರ ಜೋಡಿಸಿದರೆ ಧಾರೆ ಎರೆಯುವ ಮೊದಲೇ ತಾಳಿ ಕಟ್ಟಿಯಾಗಿರುತ್ತದೆ, ಆಮೇಲೆ ಹುಡುಗಿಯ ಅಮ್ಮ ಫೋನ್ ಮಾಡಿ ಕೇಳುತ್ತಾರೆ. ಫೋನ್ ಆ್ಯಪ್ ಜೊತೆ ಬ್ಲೂಟೂತ್ ಕನೆಕ್ಟ್ ಆಗಿದ್ದರೆ ಕೆಲವದರಲ್ಲಿ ಸರಿ ಹೋಗುತ್ತದೆ, ನಿಜ. ಆದರೆ ಮಂಟಪದ ಗದ್ದಲದಲ್ಲಿ ಅದನ್ನು ನೋಡುತ್ತಾ ಕೂರುವವರು ಯಾರು? ಒಂದು ಬಾಡಿಯಿಂದ ಇನ್ನೊಂದಕ್ಕೆ ಸೀದಾ ಟೈಮ್ ಕಳಿಸುವ ಹಾಗಿದ್ದರೆ ಸಾಕು.

ಇನ್ನೊಂದು. ಕಾಪಿರೈಟ್ ಹೆಸರು ಕನ್ನಡದಲ್ಲಿ ಹಾಕಲು ಬಿಡಿ. ನಿಕಾನ್ ಡಿ5300 ಮೆನುವಿನಲ್ಲಿ ತಮಿಳು, ತೆಲುಗು, ಮರಾಠಿ ಇತ್ತು, ಕನ್ನಡ ಇರಲಿಲ್ಲ. ಕೇಳದೆ ಯಾರೂ ಕೊಡಲ್ಲ.

ಹಳೇಲೆನ್ಸ್:
ಕೇಳಿ, ಆದರೆ ಎಲ್ಲವನ್ನೂ ಒಂದೇ ಪತ್ರದಲ್ಲಿ ತುರುಕಬೇಡಿ. ಹತ್ತು ಬೇಡಿಕೆ ಇರುವ ಪತ್ರವನ್ನು ಯಾವ ವಿಭಾಗಕ್ಕೆ ಕಳಿಸುವುದು ಅಂತ ಅವರಿಗೇ ತಿಳಿಯಲ್ಲ. ಲೈವ್ ವ್ಯೂನಲ್ಲಿ, ಅಂದರೆ ತೆಗೆಯುವ ಮೊದಲೇ ಸ್ಕ್ರೀನ್‌ನಲ್ಲಿ, ರಾ ಹಿಸ್ಟೋಗ್ರಾಮ್ ಕೇಳಿದರೆ ಪ್ರೊಸೆಸರ್ ಸಾಲದು, ಬ್ಯಾಟರಿ ಸಾಲದು ಅಂತ ನೆವ ಹೇಳಬಹುದು. ತೆಗೆದಾದ ಮೇಲೆ ಪ್ಲೇಬ್ಯಾಕ್‌ನಲ್ಲಿ ತೋರಿಸಿ ಅಂತ ಕೇಳಿ, ಫೈಲ್ ಕಾರ್ಡ್‌ನಲ್ಲೇ ಇರುತ್ತದಲ್ಲ.

ರಂಗಸ್ಥಳ:
ಇದು ಸರಿಯಾದ ಮಾತು. ಹಾಗಾದರೆ ಪ್ಲೇಬ್ಯಾಕ್ ರಾ ಹಿಸ್ಟೋಗ್ರಾಮ್, ಅದರ ಪ್ರಕಾರವೇ ಹೈಲೈಟ್ ಮಿನುಗುವುದು, ಇವೆರಡನ್ನೇ ಬರೆಯುತ್ತೇನೆ. ಮಂಗಟ್ಟೆ ಅವರೇ, ಸ್ಟುಡಿಯೋದವರೇ, ನಿಮ್ಮದನ್ನು ನೀವೇ ಬೇರೆ ಬೇರೆ ಕಳಿಸಿ, ಬೇಜಾರಾಗಬೇಡಿ. ದಗಲೆಯ ಒಂದು ಫೈಲನ್ನೂ ಜೊತೆಗೆ ಹಾಕಲಾ?

ಹಳೇಲೆನ್ಸ್:
ಹಾಕಿ. ರಾ ಫೈಲ್, ಕ್ಯಾಮೆರಾ ಸ್ಕ್ರೀನಿನ ಫೋಟೋ, ಈಗಿರುವ ಫರ್ಮ್‌ವೇರ್ ನಂಬರ್, ಮೂರೂ ಇರಲಿ. ನಂಬರ್ ಇಲ್ಲದಿದ್ದರೆ ಮೊದಲು ಅಪ್‌ಡೇಟ್ ಮಾಡಿ ನೋಡಿ ಅಂತ ಸಿದ್ಧ ಉತ್ತರ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ.