ಲ್ಯೂರ್‌ಗೆ ‘ಎರೆ’ ಸಾಕೇ, ‘ದೀಹ’ ಹೊಂದುತ್ತದೆಯೇ?

ಮೀನನ್ನು ಸೆಳೆಯಲು ದಾರದ ತುದಿಗೆ ಕಟ್ಟುವ ನಕಲಿ ಮರಿಗೆ, ಅಂದರೆ ಲ್ಯೂರ್‌ಗೆ, ಕನ್ನಡದಲ್ಲಿ ಏನನ್ನಬೇಕು? ಕುಮಟಾ ಕಡೆ ಸಂಜೆ ಹೊತ್ತು ಅಳಿವೆಯ ಹಳ್ಳಗಳಲ್ಲಿ ಗಾಳ ಹಾಕುವುದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಉಳಿದ ಪದಗಳಿಗೆ ತೊಂದರೆಯಾಗಲಿಲ್ಲ. ಭರತ, ಇಳಿತ, ಶೆಟ್ಲಿ (ಸೀಗಡಿ), ಕಾಂಡ್ಲಾ (ಮ್ಯಾಂಗ್ರೋವ್ ಗಿಡ) ಎಲ್ಲವೂ ಊರಲ್ಲಿ ದಿನವೂ ಆಡುವ ಮಾತುಗಳೇ. ಲ್ಯೂರ್ ಒಂದಕ್ಕೇ ಮಾತು ಸಿಗುತ್ತಿಲ್ಲ.

‘ಎರೆ’ ಇದೆಯಲ್ಲ ಅಂತ ನೀವು ಕೇಳಬಹುದು. ಆದರೆ ಎರೆ ಅಂದರೆ ತಿನ್ನುವ ವಸ್ತು. ತಮಿಳಿನ ಇರೈ, ಮಲಯಾಳದ ಇರ ಇದರದೇ ಬಳಗ, ಅಲ್ಲೂ ಅದು ತಿನಿಸೇ. ಗಾಳಕ್ಕೆ ಶೆಟ್ಲಿ ಚುಚ್ಚಿದರೆ ಅದು ಎರೆ. ಅದಕ್ಕೆ ವಾಸನೆ ಇದೆ, ರುಚಿ ಇದೆ. ಸುಮ್ನೆ ನೀರಿಗೆ ಬಿಟ್ಟು ಕೂತರೂ ಮೀನು ಬರುತ್ತದೆ. ಲ್ಯೂರ್ ಹಾಗಲ್ಲ. ಅದು ಮರದ್ದೋ ಪ್ಲಾಸ್ಟಿಕ್ಕಿನದೋ ಒಂದು ತುಂಡು. ಅದಕ್ಕೆ ಜೀವ ಬರುವುದು ರಾಡ್ ಹಿಡಿದವರ ಕೈಯಿಂದ.

ಇಳಿತ ಶುರುವಾದ ಮೇಲೆ ಮಾಣಿಕಟ್ಟಾ ಕಡೆ ಗಜನಿಯ, ಅಂದರೆ ಅಳಿವೆಯ ಉಪ್ಪುನೀರಿನ ಗದ್ದೆಯ, ಕಟ್ಟೆಯ ಹೊರಬದಿಗೆ ನಿಂತು ನೋಡಿ. ಮುಳುಗಿದ್ದ ಹುಲ್ಲಿನ ನಡುವಿನಿಂದ, ಕಾಂಡ್ಲಾ ಬೇರಿನ ಸಂದಿಯಿಂದ ನೀರು ಸಣ್ಣ ಸಣ್ಣ ಹಳ್ಳವಾಗಿ ಅಘನಾಶಿನಿ ಹೊಳೆಗೆ ಇಳಿಯುತ್ತದೆ. ಅದರ ಜೊತೆ ಮರಿಮೀನು, ಶೆಟ್ಲಿ ಹೊರಗೆ ಬರಲೇಬೇಕು. ಹಳ್ಳ ಹೊಳೆಗೆ ಸೇರುವ ಬಾಯಲ್ಲಿ ಚೊಣಕ ಕಾದಿರುತ್ತದೆ. ಅದು ಹೊಂಚು ಹಾಕುವ ಮೀನು. ಲ್ಯೂರನ್ನು ಹರಿವಿಗೆ ಅಡ್ಡ ಎಸೆಯಬೇಕು. ರೀಲ್ ಎರಡು ಸುತ್ತು ತಿರುಗಿಸಿ, ರಾಡಿನ ತುದಿಯನ್ನು ಪಟಕ್ಕನೆ ಒಮ್ಮೆ ಜಗ್ಗಿ, ದಾರ ಸಡಿಲ ಬಿಡಬೇಕು. ಆಗ ಅದು ಪೆಟ್ಟು ತಿಂದ ಮರಿಯ ಹಾಗೆ ಒಂದು ಮಗ್ಗುಲಿಗೆ ವಾಲುತ್ತದೆ. ಎಷ್ಟೋ ಸಲ ಮೀನು ಬಾಯಿ ಹಾಕುವುದು ಆ ಸಡಿಲ ಬಿಟ್ಟ ಗಳಿಗೆಯಲ್ಲೇ. ದೊಡ್ಡ ಬಾಯಿ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತದೆ. ಮೇಲ್ನೀರಿನಲ್ಲಾದರೆ ಆ ಸದ್ದು ದಡಕ್ಕೂ ಕೇಳುತ್ತದೆ. ಇದರಲ್ಲಿ ತಿನಿಸು ಎಲ್ಲಿದೆ? ಎಲ್ಲ ಆಟವೇ ಅಲ್ವಾ?

‘ಆಮಿಷ’ ನನಗೆ ಬೇಡ. ಸಂಸ್ಕೃತದಲ್ಲಿ ಅದು ಮಾಂಸ, ನಿರಾಮಿಷ ಬಂದದ್ದೂ ಅದರಿಂದಲೇ. ಈಗಂತೂ ಆಮಿಷ ಅಂದರೆ ಓದುವವರಿಗೆ ಚುನಾವಣೆಯ ಸೀರೆ, ಕುಕ್ಕರ್ ನೆನಪಾಗುತ್ತದೆ. ‘ಕೃತಕ ಎರೆ’ ಮೀನುಗಾರಿಕೆ ಇಲಾಖೆಯ ಕರಪತ್ರಕ್ಕೆ ಸರಿ, ದಡದಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಕಟ್ಟೆಯ ಮೇಲೆ ಗಾಳ ಹಿಡಿದು ಕೂತಿದ್ದ ಹಿರಿಯರೊಬ್ಬರು ನಮ್ಮ ಪೆಟ್ಟಿಗೆಯಲ್ಲಿದ್ದ ಲ್ಯೂರ್ ನೋಡಿ ‘ಸುಳ್ಳು ಮೀನು’ ಅಂದರು. ಎಷ್ಟು ಚೆಂದದ ಮಾತು! ಆದರೆ ಎಲ್ಲ ಲ್ಯೂರ್ ಮೀನಿನ ಆಕಾರದ್ದಲ್ಲ. ಶೆಟ್ಲಿಯಂಥದ್ದು, ಕಪ್ಪೆಯಂಥದ್ದು ಇವೆ. ಬರೀ ಹೊಳೆಯುವ ತಗಡಿನ ತುಂಡೂ ಇದೆ.

ಹೀಗೆ ಹುಡುಕುವಾಗ ನೆನಪಾದದ್ದು ‘ದೀಹ’. ‘ದೀವ’ ಅಂತಲೂ ರೂಪವಿದೆ. ಕಾಡಿನ ಮಿಗವನ್ನೋ ಹಕ್ಕಿಯನ್ನೋ ಹತ್ತಿರ ಸೆಳೆಯಲು ಬೇಟೆಗಾರರು ಇಟ್ಟುಕೊಳ್ಳುತ್ತಿದ್ದ ಪಳಗಿದ ಪ್ರಾಣಿಗೆ ಹಳಗನ್ನಡದಲ್ಲಿ ಈ ಹೆಸರು. ಅದು ತಿನಿಸಲ್ಲ. ತನ್ನ ರೂಪದಿಂದ, ಓಡಾಟದಿಂದ, ಕೂಗಿನಿಂದ ಸೆಳೆಯುತ್ತದೆ. ಲ್ಯೂರ್ ಮಾಡುವುದೂ ಇದನ್ನೇ. ‘ದೀಹ ಎಸೆದೆ’, ‘ದೀಹಕ್ಕೆ ಚೊಣಕ ಬಿತ್ತು’ ಅಂತ ಹೇಳಿ ನೋಡಿ. ನನ್ನ ಕಿವಿಗಂತೂ ಒಪ್ಪುತ್ತದೆ.

ಒಂದು ತೊಡಕಿದೆ. ದೀಹ ಸೆಳೆಯುವುದು ತನ್ನದೇ ಜಾತಿಯ ಪ್ರಾಣಿಯನ್ನು. ಲ್ಯೂರ್ ಸೆಳೆಯುವುದು ತನ್ನನ್ನು ನುಂಗಬಂದದ್ದನ್ನು. ಅರ್ಥ ಇಷ್ಟು ಹಿಗ್ಗಿದರೆ ತಪ್ಪೇನಿಲ್ಲ ಅನ್ನುವುದು ನನ್ನ ಅಭಿಪ್ರಾಯ. ‘ದೀವ’ ರೂಪ ಮಾತ್ರ ಬೇಡ. ಸಿದ್ದಾಪುರ, ಸಾಗರದ ಕಡೆ ದೀವರು ಎಂಬ ದೊಡ್ಡ ಸಮುದಾಯವಿದೆ, ಸುಮ್ನೆ ಗೊಂದಲವಾಗುತ್ತದೆ.

ಇನ್ನೊಂದು ಮಾತು. ಸಾಲ್ಟ್ ಮಾರ್ಷ್‌ಗೆ ‘ಗಜನಿ’ ಅಂತ ಬರೆಯಬೇಡಿ. ಗಜನಿ ಅಂದರೆ ಕಟ್ಟೆ ಕಟ್ಟಿ, ನೀರಿಗೆ ಬಾಗಿಲಿಟ್ಟು, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಮೀನು, ಶೆಟ್ಲಿ ಹಿಡಿಯುವ ಗದ್ದೆ. ಜನರ ತಲೆತಲಾಂತರದ ದುಡಿಮೆ ಅದರಲ್ಲಿದೆ. ಸಾಲ್ಟ್ ಮಾರ್ಷ್, ಅಂದರೆ ಭರತಕ್ಕೆ ಮುಳುಗಿ ಇಳಿತಕ್ಕೆ ಬಯಲಾಗುವ ಹುಲ್ಲುಕೆಸರಿನ ಜಾಗವೇ ಬೇರೆ. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ. ಇನ್ನು ಈ ಜಾಗಗಳ ಬಗ್ಗೆ ಬರೆಯುವಾಗ ಎರಡನ್ನೂ ಒಂದೇ ಹೆಸರಲ್ಲಿ ಕರೆದರೆ ಗದ್ದೆಯವರಿಗೂ ಅನ್ಯಾಯ, ಜೌಗಿಗೂ ಅನ್ಯಾಯ. ನಾನು ಸದ್ಯಕ್ಕೆ ‘ಉಪ್ಪುಜೌಗು’ ಅಂತ ಬರೆದಿದ್ದೇನೆ.

ಅಂಕೋಲಾ, ಹೊನ್ನಾವರ, ಯಲ್ಲಾಪುರದ ಕಡೆ ಹಳಬರ ಬಾಯಲ್ಲಿ ‘ದೀಹ’ ಇನ್ನೂ ಇದೆಯೇ? ಇದ್ದರೆ ಯಾವ ರೂಪದಲ್ಲಿ? ಕಾರವಾರದ ಕೊಂಕಣಿಯವರು ಗಾಳಕ್ಕೆ ‘ಗರಿ’ ಅನ್ನುತ್ತಾರೆ. ಲ್ಯೂರ್‌ಗೂ ಅವರಲ್ಲಿ ಒಂದು ಹೆಸರು ಹುಟ್ಟಿದೆಯೇ? ತಿಂಗಳ ಕೊನೆಗೆ ಲೇಖನ ಅಚ್ಚಿಗೆ ಹೋಗುತ್ತದೆ. ಬಲ್ಲವರು ಅಷ್ಟರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.