ಜಾಲಿ ಬಾಯ್ ದ್ವೀಪ: ಈಜು ಬಾರದ ಅಪ್ಪ-ಅಮ್ಮನಿಗೆ ಹವಳ ಕಾಣುತ್ತಾ?

ಹೆಮ್ಮಾಡಿ_ದಾರಿ (ಪ್ರಶ್ನೆ)

ಜನವರಿಯಲ್ಲಿ ಪೋರ್ಟ್ ಬ್ಲೇರ್ (ಈಗಿನ ಶ್ರೀ ವಿಜಯಪುರಂ) ಕಡೆ ಹೊರಟಿದ್ದೇವೆ. ಒಂದು ದಿನ ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಅಂತ ಇಟ್ಟುಕೊಂಡಿದ್ದೇವೆ. ಅಪ್ಪ-ಅಮ್ಮ ಇಬ್ಬರಿಗೂ ಅರವತ್ತು ದಾಟಿದೆ, ಈಜು ಬರಲ್ಲ. ನನಗೆ ಮೈನಸ್ 4 ಕನ್ನಡಕ. ಅಷ್ಟು ದೂರ ಹೋಗೋ ಬದಲು ನಮ್ಮ ಕರಾವಳಿಯ ನೇತ್ರಾಣಿ ದ್ವೀಪ ಸಾಕಲ್ವಾ ಅಂತ ಮನೆಯಲ್ಲಿ ಒಂದು ವಾದ. ಪರ್ಮಿಟ್ಟು, ಸ್ನಾರ್ಕೆಲಿಂಗ್ ಮಾಸ್ಕು (ನೀರೊಳಗೆ ನೋಡೋಕೆ ಹಾಕೋದು), ಯಾವ ದಿನ ಒಳ್ಳೇದು, ತಿಳಿದವರು ಹೇಳಿ.

ಉಪ್ಪುನೀರು

ನೇತ್ರಾಣಿ ವಾದ ಮೊದಲು ಮುಗಿಸಿಬಿಡೋಣ. ಅಲ್ಲಿ ದ್ವೀಪಕ್ಕೆ ಇಳಿಸಲ್ಲ, ಮುರುಡೇಶ್ವರದಿಂದ ಹೋದ ದೋಣಿಯಿಂದ ನೇರ ಆಳದ ನೀರಿಗೇ ಇಳಿಯಬೇಕು. ಡೈವಿಂಗ್‌ಗೆ ಚೆನ್ನ, ನಿಮ್ಮ ಅಪ್ಪ-ಅಮ್ಮನಿಗಲ್ಲ. ಜಾಲಿ ಬಾಯ್‌ನಲ್ಲಿ ಮರಳ ದಡ ಇದೆ, ಗಾಜಿನ ತಳದ ದೋಣಿ ಇದೆ.

ಉದ್ಯಾನ ಘೋಷಣೆಯಾಗಿದ್ದು 1983ರಲ್ಲಿ, ವಿಸ್ತೀರ್ಣ ಸುಮಾರು 281 ಚದರ ಕಿ.ಮೀ. ಅದರಲ್ಲಿ ಪ್ರವಾಸಿಗರಿಗೆ ಬಿಡೋದು ಜಾಲಿ ಬಾಯ್, ರೆಡ್ ಸ್ಕಿನ್ ಎರಡನ್ನೇ, ಅದೂ ಸರದಿ ಮೇಲೆ. ಒಂದು ತೆರೆದಿದ್ದರೆ ಇನ್ನೊಂದಕ್ಕೆ ವಿರಾಮ. ಜನವರಿಯಲ್ಲಿ ಸಾಮಾನ್ಯವಾಗಿ ಜಾಲಿ ಬಾಯ್ ಸರದಿ. ಆದರೂ ವಿಮಾನದ ಟಿಕೆಟ್ಟಿಗೆ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ಸೋಮವಾರ ರಜೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರೋದರಿಂದ ಪರ್ಮಿಟ್ ಮೊದಲೇ ಮಾಡಿಸಿ. ಅದು ಬೇರೆ, ದೋಣಿ ಟಿಕೆಟ್ ಬೇರೆ. ಎಲ್ಲರ ಮೂಲ ಗುರುತಿನ ಚೀಟಿ ಜೊತೆಗಿರಲಿ.

ಜೆಟ್ಟಿ ಊರಿಂದ ಸುಮಾರು 30 ಕಿ.ಮೀ. ದೋಣಿಗಳು ಬೆಳಿಗ್ಗೆಯೇ ಹೊರಡುತ್ತವೆ, ತಪ್ಪಿದರೆ ಆ ದಿನ ಹೋಯ್ತು. ಏಳು ಗಂಟೆಯೊಳಗೆ ಹೋಟೆಲ್ ಬಿಡಿ. ಜೆಟ್ಟಿಯಲ್ಲಿ ಚೀಲ ಬಿಚ್ಚಿ ನೋಡ್ತಾರೆ. ಚಿಪ್ಸ್ ಪ್ಯಾಕೆಟ್ಟು, ಪ್ಲಾಸ್ಟಿಕ್ ಕವರು, ಬಿಸಾಡೋ ನೀರಿನ ಬಾಟಲಿ ಒಳಗೆ ಬಿಡಲ್ಲ. ಚಪಾತಿ ಪಲ್ಯವೋ ಚಿತ್ರಾನ್ನವೋ ಸ್ಟೀಲ್ ಡಬ್ಬಿಯಲ್ಲಿ, ನೀರು ಸ್ಟೀಲ್ ಬಾಟಲಿಯಲ್ಲಿ. ದ್ವೀಪದಲ್ಲಿ ಹೋಟೆಲು, ಅಂಗಡಿ ಇಲ್ಲ. ಶೌಚಕ್ಕೆ ಜೆಟ್ಟಿಯಲ್ಲೇ ಹೋಗಿಬರಲಿ, ಹಿರಿಯರಿಗೆ ಇದು ಮುಖ್ಯ.

ದೋಣಿ ಹೆಚ್ಚಿನ ದಾರಿ ದ್ವೀಪಗಳ ನಡುವೆ ಹೋಗೋದರಿಂದ ಅಲೆ ಕಡಿಮೆ. ಕಷ್ಟ ಬರೋದು ಕೊನೆಯಲ್ಲಿ. ಜಾಲಿ ಬಾಯ್‌ನಲ್ಲಿ ಜೆಟ್ಟಿ ಕಟ್ಟಿಲ್ಲ, ಕಟ್ಟಿದರೆ ಹವಳ ಒಡೆಯಬೇಕಾಗುತ್ತೆ. ದೊಡ್ಡ ದೋಣಿ ಆಚೆ ನಿಂತು, ಗಾಜಿನ ತಳದ ಸಣ್ಣ ದೋಣಿಗೆ ದಾಟಿಸ್ತಾರೆ. ಎರಡೂ ಓಲಾಡ್ತಿರುತ್ತವೆ. ಅಮ್ಮ ಸೀರೆ ಉಡೋದಾದರೆ ಬೇಡ, ಚೂಡಿದಾರ್ ಇರಲಿ. ಕೈಯಲ್ಲಿ ಏನೂ ಹಿಡಿಯದೆ ದಾಟಲಿ.

ಮರಳದಿಣ್ಣೆ

ದಿನದ ವಿಷಯ. ಪಂಚಾಂಗ ತೆಗೆದು ನೋಡಿ. ಹುಣ್ಣಿಮೆ-ಅಮಾವಾಸ್ಯೆ ಸುತ್ತ ಉಬ್ಬರ-ಇಳಿತದ ಅಂತರ ಅಲ್ಲಿ ಸುಮಾರು ಎರಡು ಮೀಟರ್, ಸೆಳೆತವೂ ಜಾಸ್ತಿ. ಅಷ್ಟಮಿಯಿಂದ ದಶಮಿವರೆಗೆ ಅಂತರ ಅದರ ಅರ್ಧಕ್ಕಿಂತ ಕಡಿಮೆ. ಹೊಸಬರಿಗೆ ಈ ದಿನಗಳೇ ಲೇಸು. ಗಂಟೆ ತಿಳಿಯೋಕೆ ಪೋರ್ಟ್ ಬ್ಲೇರ್‌ನ ಟೈಡ್ ಟೇಬಲ್ (ಉಬ್ಬರ-ಇಳಿತದ ವೇಳಾಪಟ್ಟಿ) ಬೇಕು. ಪೂರ್ತಿ ಇಳಿತದ ಹೊತ್ತಿಗೆ ದಡದ ಹತ್ತಿರ ಹವಳದ ಮೇಲೆ ಮೊಣಕಾಲುದ್ದ ನೀರೂ ಇರಲ್ಲ. ಆಗ ತೇಲೋಕೆ ಆಗಲ್ಲ, ನಿಲ್ಲಬೇಕು, ನಿಂತರೆ ಹವಳ ಮುರಿಯುತ್ತೆ, ಕಾಲೂ ಕುಯ್ಯುತ್ತೆ.

ಅಂಡಮಾನ್ ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಜನವರಿಯಲ್ಲಿ ಸೂರ್ಯ ನೆತ್ತಿಗೆ ಹತ್ತಿರ ಬರೋದು ಹನ್ನೊಂದೂವರೆಗೆ. ನೀರೊಳಗೆ ಬೆಳಕು ಚೆನ್ನಾಗಿರೋದು ಆಗಲೇ. ಗಾಜಿನ ದೋಣಿಗೆ ಆ ಹೊತ್ತು ಹಿಡಿಯಿರಿ, ಊಟ ಆಮೇಲೆ.

ಮಾಸ್ಕ್: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದು ಕೈ ಬಿಡಿ. ಅಂಟಿಕೊಂಡು ನಿಂತರೆ ಅದು ನಿಮ್ಮದು. ನೀರು ನುಗ್ಗಿದ ಕೂಡಲೇ ಎಲ್ಲರೂ ಪಟ್ಟಿ ಬಿಗಿ ಮಾಡ್ತಾರೆ, ಅದರಿಂದ ಅಂಚು ಸೊಟ್ಟಗಾಗಿ ಇನ್ನಷ್ಟು ಸೋರುತ್ತೆ. ಕಾರಣ ಸಾಮಾನ್ಯವಾಗಿ ಅಂಚಿನಡಿ ಸಿಕ್ಕಿದ ಕೂದಲು, ಇಲ್ಲವೇ ಅಪ್ಪನ ಮೀಸೆ. ಮೀಸೆಗೆ ಸ್ವಲ್ಪ ವ್ಯಾಸಲೀನ್ ಸವರಿ. ಮಂಜು ಕಟ್ಟದಿರಲು ಗಾಜಿನ ಒಳಬದಿಗೆ ಒಂದು ತೊಟ್ಟು ಬೇಬಿ ಶಾಂಪೂ ಉಜ್ಜಿ ತೊಳೆಯಿರಿ, ಮನೆಯಲ್ಲೇ. ಮೈನಸ್ 4ಕ್ಕೆ ಪವರ್ ಇರೋ ಮಾಸ್ಕ್ ಸಿಗುತ್ತೆ, ಅರ್ಧರ್ಧ ಪಾಯಿಂಟ್ ಅಂತರದಲ್ಲಿ. ನೀರಲ್ಲಿ ಎಲ್ಲ ದೊಡ್ಡದಾಗಿ ಕಾಣೋದರಿಂದ ಮೈನಸ್ 3.5 ಸಾಕು. ಇಡೀ ಮುಖ ಮುಚ್ಚೋ ಮಾಸ್ಕ್ ಹಿರಿಯರಿಗೆ ಬೇಡ. ಬಿಟ್ಟ ಉಸಿರು ಒಳಗೇ ಉಳಿದು ತಲೆ ಸುತ್ತಬಹುದು, ಗಾಬರಿಯಲ್ಲಿ ಬಿಚ್ಚೋದೂ ನಿಧಾನ.

ಈಜು ಬಾರದವರನ್ನು ಲೈಫ್ ಜಾಕೆಟ್ ಹಾಕಿಸಿ, ಟ್ಯೂಬ್ ಹಿಡಿಸಿ ಗೈಡ್ ಎಳೆದುಕೊಂಡು ಹೋಗ್ತಾರೆ. ಮೊದಲ ಐದು ನಿಮಿಷ ಸೊಂಟದಾಳದ ಮರಳಲ್ಲಿ ನಿಂತು ಸ್ನಾರ್ಕೆಲ್ ಕೊಳವೆ ಕಚ್ಚಿ ಬಾಯಿಂದ ಉಸಿರಾಡೋದು ಅಭ್ಯಾಸ ಮಾಡಿಸಿ. ಕಾಲು ಕೆಳಗೆ ಬಿಡಬಾರದು ಅನ್ನೋದೊಂದೇ ನಿಯಮ ನೆನಪಿಸ್ತಾ ಇರಿ. ಮೀನು ಬರಲಿ ಅಂತ ಬಿಸ್ಕತ್ತು ಹಾಕೋ ಗೈಡ್ ಸಿಕ್ಕರೆ ಬೇಡ ಅನ್ನಿ. ಹವಳದ ಮೇಲಿನ ಪಾಚಿ ಮೇಯಬೇಕಾದ ಮೀನು ಬಿಸ್ಕತ್ತಿಗೆ ಕಾಯೋ ಹಾಗಾಗುತ್ತೆ.

ಹೆಮ್ಮಾಡಿ_ದಾರಿ

ತುಂಬಾ ಉಪಕಾರ. ಇನ್ನೆರಡು: ಹವಳ ಎಲ್ಲ ಬೆಳ್ಳಗಾಗಿ ಸತ್ತಿದೆ ಅಂತಾರಲ್ಲ, ನೋಡೋಕೆ ಏನಾದರೂ ಉಳಿದಿದೆಯಾ? ಸನ್‌ಸ್ಕ್ರೀನ್ ಯಾವುದು ತರಲಿ?

ಉಪ್ಪುನೀರು

ಬೆಳ್ಳಗಾದದ್ದೆಲ್ಲ ಸತ್ತದ್ದಲ್ಲ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ಇರುತ್ತೆ. ಬಣ್ಣವೂ ಹೆಚ್ಚಿನ ಆಹಾರವೂ ಅದರದ್ದೇ. ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚು ಬಿಸಿ ವಾರಗಟ್ಟಲೆ ನಿಂತರೆ ಹವಳ ಅದನ್ನು ಹೊರಹಾಕುತ್ತೆ, ಆಗ ಒಳಗಿನ ಸುಣ್ಣದ ಎಲುಬು ಬಿಳಿಯಾಗಿ ಕಾಣುತ್ತೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತೆ. ನಿಜಕ್ಕೂ ಸತ್ತದ್ದು ಬೆಳ್ಳಗೆ ಉಳಿಯಲ್ಲ, ಮೇಲೆ ಕಂದು-ಹಸಿರು ಪಾಚಿ ಹಬ್ಬಿರುತ್ತೆ. ಅಂಡಮಾನಿಗೆ 1998ರಲ್ಲೂ 2010ರಲ್ಲೂ ಜೋರು ಹೊಡೆತ ಬಿತ್ತು. ಕವಲೊಡೆಯೋ ಜಾತಿಗಳು ವರ್ಷಕ್ಕೆ ಹತ್ತು ಸೆಂ.ಮೀ. ತನಕ ಬೆಳೆದು ಬೇಗ ತುಂಬಿಕೊಳ್ಳುತ್ತವೆ, ಆದರೆ ಬಿಸಿಗೆ ಮೊದಲು ಬಲಿಯಾಗೋವೂ ಅವೇ. ಗುಂಡುಬಂಡೆಯಂಥವು ವರ್ಷಕ್ಕೆ ಒಂದು ಸೆಂ.ಮೀ. ಆಸುಪಾಸು. ಹಾಗಾಗಿ ಒಂದು ಕಡೆ ಜೀವಂತ, ಪಕ್ಕದಲ್ಲೇ ಪುಡಿ, ಹೀಗೆ ಕಲಸುಮೇಲೋಗರ ಕಾಣುತ್ತೆ. ನೋಡೋಕೆ ಖಂಡಿತ ಇದೆ. ಇನ್‌ಸ್ಟಾಗ್ರಾಮ್‌ನ ಕೆಂಪು-ಕೇಸರಿ ಮಾತ್ರ ನಿರೀಕ್ಷಿಸಬೇಡಿ. ನೀರು ಕೆಂಪನ್ನು ಮೊದಲು ನುಂಗುತ್ತೆ, ಆ ಫೋಟೋಗಳಿಗೆ ದೀಪವೋ ಫಿಲ್ಟರೋ ಇರುತ್ತೆ.

ಸನ್‌ಸ್ಕ್ರೀನ್‌ಗಿಂತ ತುಂಬುತೋಳಿನ ಈಜು ಅಂಗಿ, ಉದ್ದ ಲೆಗ್ಗಿಂಗ್ಸ್ ಮೇಲು. ಕವುಚಿ ತೇಲುವಾಗ ಸುಡೋದು ಕತ್ತು ಮತ್ತು ಮೊಣಕಾಲ ಹಿಂಭಾಗ. ಮುಖಕ್ಕೆ ಬೇಕೆಂದರೆ ಜಿಂಕ್ ಆಕ್ಸೈಡ್ ಇರೋದು, ಆಕ್ಸಿಬೆಂಜೋನ್ ಇರೋದು ಬೇಡ.

ಮರಳದಿಣ್ಣೆ

ಸೇರಿಸೋದು: ಬೆಂಕಿಹವಳ ತಗುಲಿ ಉರಿದರೆ ಉಜ್ಜಬೇಡಿ, ಸಿಹಿನೀರೂ ಹಾಕಬೇಡಿ. ಸಮುದ್ರದ ನೀರಲ್ಲೇ ತೊಳೆದು ವಿನೆಗರ್ ಹಾಕಿ. ಕಡಲ ಮುಳ್ಳುಚೆಂಡಿನ (ಸೀ ಅರ್ಚಿನ್) ಮುಳ್ಳು ಹೊಕ್ಕರೆ ತಾಳುವಷ್ಟು ಬಿಸಿ (45 ಡಿಗ್ರಿ ಮೀರದ) ನೀರಲ್ಲಿ ಅರ್ಧ ಗಂಟೆಗೂ ಹೆಚ್ಚು ಕಾಲಿಟ್ಟರೆ ನೋವು ಇಳಿಯುತ್ತೆ. ಮುರಿದು ಒಳಗುಳಿದರೆ ಡಾಕ್ಟರ್ ಹತ್ತಿರ ಹೋಗಿ.

ವಾಪಸ್ ಬಂದು ವಂಡೂರು ಬೀಚಲ್ಲಿ ಈಜೋ ಆಸೆ ಇದ್ದರೆ, ಅಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಬಲೆ ಕಟ್ಟಿದ ಜಾಗದ ಆಚೆ ಇಳಿಯಬೇಡಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೊಲ್ಲಿ ಬಾಯಿಯ ಹತ್ತಿರವಂತೂ ಬೇಡವೇ ಬೇಡ. ದಡದಲ್ಲಿ ಬಿದ್ದ ಹವಳದ ಚೂರನ್ನೂ ಜೇಬಿಗೆ ಹಾಕಬೇಡಿ. ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅಂದರೆ ಹುಲಿ ಇರೋ ಪಟ್ಟಿಯಲ್ಲೇ. ವಿಮಾನ ನಿಲ್ದಾಣದ ಸ್ಕ್ಯಾನಿಂಗ್‌ನಲ್ಲಿ ಸಿಕ್ಕಿಬೀಳ್ತೀರಿ. ಪೇಟೆಯಲ್ಲಿ ಕೊಂಡ ಚಿಪ್ಪಿನ ಸಾಮಾನಿಗೂ ಬಿಲ್ ಇಟ್ಟುಕೊಳ್ಳಿ.