ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್, ಉಬುಂಟು ಎರಡೂ: ಅಪ್ಪನ ಲೆಕ್ಕ ಹೋಗದ ಹಾಗೆ ಹೇಗೆ?

ಕಲಬುರಗಿಯ ಇಂಜಿನಿಯರಿಂಗ್ ಹುಡುಗನ ಪ್ರಶ್ನೆ: ಮನೇಲಿ ಇರೋದು ಒಂದೇ ಲ್ಯಾಪ್‌ಟಾಪ್. ವಿಂಡೋಸ್ 11, 8 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ರಾತ್ರಿ ಅಪ್ಪ ಅದರಲ್ಲೇ ದಾಲ್ ಮಿಲ್ ಲೆಕ್ಕ ಟ್ಯಾಲಿಗೆ ಹಾಕ್ತಾರೆ. ನನಗೆ ಲ್ಯಾಬ್‌ಗೆ ಉಬುಂಟು ಬೇಕು, ಅಂದ್ರೆ ವಿಂಡೋಸ್ ಥರಾನೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಲಿನಕ್ಸ್ ಬಗೆಯದು. ಎರಡೂ ಹಾಕಬಹುದಾ? ಲೆಕ್ಕ ಹೋದ್ರೆ ನನ್ನ ಕಥೆ ಮುಗೀತು.

ಬೀದರ್‌ನಿಂದ: ಹಾಕಬಹುದು ತಮ್ಮಾ. ನಾನು ಮೂರು ಲ್ಯಾಪ್‌ಟಾಪ್‌ಗೆ ಹಾಕಿದ್ದೇನೆ, ಒಂದನ್ನು ಕೆಡಿಸಿದ್ದೇನೆ. ಕೆಟ್ಟಿದ್ದು ಉಬುಂಟು ಹಾಕುವಾಗ ಅಲ್ಲ, ಅದಕ್ಕೂ ಮೊದಲು. ಜಾಗ ಮಾಡಲು ಡ್ರೈವ್ ಕುಗ್ಗಿಸುತ್ತಿದ್ದೆ, ಬ್ಯಾಟರಿ ಸತ್ತ ಹಳೇ ಮಷೀನು, ಚಾರ್ಜರ್ ಮೇಲೇ ಓಡುತ್ತಿತ್ತು, ಏಪ್ರಿಲ್ ಮಧ್ಯಾಹ್ನ ಕರೆಂಟ್ ಹೋಯಿತು. ಆ ಪಾರ್ಟಿಶನ್, ಅಂದರೆ ಡಿಸ್ಕ್‌ನ ಆ ಭಾಗ, ಮತ್ತೆ ತೆರೆಯಲೇ ಇಲ್ಲ. ಅಕ್ಕನ ಮದುವೆ ಫೋಟೋ ಎಲ್ಲ ಅದರಲ್ಲೇ ಇದ್ದವು. ಇವತ್ತಿಗೂ ಹಬ್ಬಕ್ಕೆ ಬಂದರೆ ಅದೇ ಮಾತು ತೆಗೆಯುತ್ತಾಳೆ. ಹಾಗಾಗಿ ಬ್ಯಾಟರಿ ತುಂಬಿರಲಿ, ಚಾರ್ಜರ್ ಕೂಡ ಹಾಕಿರಲಿ.

ಮೊದಲು ಟ್ಯಾಲಿ ಬ್ಯಾಕಪ್ ಅನ್ನು ಪೆನ್‌ಡ್ರೈವ್‌ಗೆ ತೆಗೆದುಕೋ. ಉಬುಂಟು ಹಾಕುವ ಪೆನ್‌ಡ್ರೈವ್ ಬೇರೆ ಇರಬೇಕು, ಅದನ್ನು ತಯಾರು ಮಾಡುವಾಗ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ನಗಬೇಡ, ಎರಡಕ್ಕೂ ಒಂದೇ ಬಳಸಿದವರನ್ನು ನೋಡಿದ್ದೇನೆ. ಬ್ಯಾಕಪ್ ಬೇರೆ ಕಂಪ್ಯೂಟರ್‌ನಲ್ಲಿ ತೆರೆಯುತ್ತದಾ ಅಂತಲೂ ನೋಡು.

ಆಮೇಲೆ ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ. ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಾವು ಹೇಳದೇ ಡಿಸ್ಕ್‌ಗೆ ಬೀಗ ಬಿದ್ದಿರುತ್ತದೆ. ಕಂಪ್ಯೂಟರ್ ಶುರುವಾಗುವ ರೀತಿಯ ಸೆಟ್ಟಿಂಗ್ (ಬೂಟ್ ಸೆಟ್ಟಿಂಗ್) ಮುಟ್ಟಿದರೆ 48 ಅಂಕಿಯ ಕೀ ಕೇಳಬಹುದು. ಅದು ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ, ಆದರೆ ಆ ಅಕೌಂಟ್ ಮಾಡಿಕೊಟ್ಟಿದ್ದು ಅಂಗಡಿಯ ಹುಡುಗ, ಪಾಸ್‌ವರ್ಡ್ ಮನೇಲಿ ಯಾರಿಗೂ ನೆನಪಿಲ್ಲ, ಅಲ್ವಾ? ಈಗಲೇ ಹುಡುಕಿ ಕಾಗದದ ಮೇಲೆ ಬರೆದಿಡು. ನಾನಾದರೆ ಆ ಬೀಗವನ್ನೇ ಆಫ್ ಮಾಡಿ, ಅದು ಪೂರ್ತಿ ಮುಗಿಯುವವರೆಗೆ ಕಾಯುತ್ತೇನೆ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಕೂಡ ತೆಗೆ. ಅದಿದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಅರ್ಧ ಕಣ್ಣು ತೆರೆದೇ ಮಲಗಿರುತ್ತದೆ, ಆಗ ಆ ಡ್ರೈವ್‌ಗೆ ಉಬುಂಟುನಿಂದ ಒತ್ತಾಯ ಮಾಡಿ ಬರೆದರೆ ಫೈಲ್ ಕೆಡುತ್ತದೆ.

ಜಾಗವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಕುಗ್ಗಿಸಿ ಮಾಡು. 25 ಜಿಬಿಯಲ್ಲೂ ಉಬುಂಟು ಕೂರುತ್ತದೆ, ಆದರೆ 80 ಬಿಡು. ಆ ಜಾಗ ಖಾಲಿಯೇ ಇರಲಿ, ಫಾರ್ಮ್ಯಾಟ್ ಮಾಡಬೇಡ. ಮುಂದಿನದು ಸುಲಭ: ಆ ಉಬುಂಟು ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರು ಮಾಡಿ ಹಾಕಲು ಹೊರಟರೆ, ವಿಂಡೋಸ್ ಜೊತೆಗೇ ಹಾಕುವ ಆಯ್ಕೆ ತಾನಾಗಿ ಬರುತ್ತದೆ. 'ಇರೇಸ್ ಡಿಸ್ಕ್' ಅಂತ ಇರುವುದರ ಹತ್ತಿರವೂ ಹೋಗಬೇಡ. ಎಸ್‌ಎಸ್‌ಡಿಯೇ ಕಾಣದಿದ್ದರೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಮೂಲ ಸೆಟ್ಟಿಂಗ್ ಪರದೆ) ಇರುವ ಆರ್‌ಎಸ್‌ಟಿ, ಅಂದರೆ ಡಿಸ್ಕ್ ನಡೆಸುವ ಇಂಟೆಲ್ ಸೆಟ್ಟಿಂಗ್, ಕಾರಣ ಇರಬಹುದು, ಅದನ್ನು ಸುಮ್ನೆ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ, ಅಲ್ಲೇ ನಿಲ್ಲಿಸಿ ಕೇಳು.

ಎರಡೂ ಬಂದ ಮೇಲೆ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ಬೀಳಬಹುದು, ಬೆಳಗ್ಗೆ ಒಂಬತ್ತಕ್ಕೆ ಮೂರೂವರೆ ತೋರಿಸುತ್ತದೆ. ಕಂಪ್ಯೂಟರ್ ಒಳಗಿನ ಗಡಿಯಾರವನ್ನು ವಿಂಡೋಸ್ ನಮ್ಮ ಸಮಯ ಅಂತ ಓದುತ್ತದೆ, ಲಿನಕ್ಸ್ ಗ್ರೀನಿಚ್ ಸಮಯ ಅಂತ ಓದುತ್ತದೆ, ಅದಕ್ಕೇ ಈ ಜಗಳ. ಉಬುಂಟುನಲ್ಲಿ ಒಂದು ಕಮಾಂಡ್ ಕೊಟ್ಟರೆ ಸರಿಹೋಗುತ್ತದೆ. ಮತ್ತೆ, ಗ್ರಬ್ ಮೆನುವಿನಲ್ಲಿ, ಅಂದರೆ ಆನ್ ಮಾಡಿದಾಗ ಎರಡರಲ್ಲಿ ಯಾವುದು ಬೇಕು ಅಂತ ಕೇಳುವ ಪರದೆಯಲ್ಲಿ, ವಿಂಡೋಸ್ ತಾನಾಗಿ ಶುರುವಾಗುವ ಹಾಗೆ ಇಡು. ನಮ್ಮ ಕಾಕಾ ಆ ಕಪ್ಪು ಪರದೆ ನೋಡಿ ವೈರಸ್ ಬಂತು ಅಂತ ಪ್ಲಗ್ಗನ್ನೇ ಕಿತ್ತಿದ್ದರು.

ಯಾದಗಿರಿಯಿಂದ: ಅಣ್ಣ ಹೇಳಿದ್ದು ಸರಿ, ಆದರೆ ಲ್ಯಾಬ್‌ನಲ್ಲಿ ಸಿ ಪ್ರೋಗ್ರಾಂ, ಶೆಲ್ ಕಮಾಂಡ್ ಅಷ್ಟೇ ಇದ್ದರೆ ಇಷ್ಟೆಲ್ಲ ಯಾಕೆ? ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಅನ್ನುವ ಸೌಲಭ್ಯ ಹಾಕಿಕೊಂಡರೆ ಉಬುಂಟು ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಪರದೆ) ಸಿಗುತ್ತದೆ, ಪಾರ್ಟಿಶನ್ ಮುಟ್ಟುವ ಗೊಡವೆಯೇ ಇಲ್ಲ. ನಾನು ಆಫೀಸಿನ ಪತ್ರಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತೇನೆ, ಅದಕ್ಕೆ ವಿಂಡೋಸ್ ಬೇಕೇ ಬೇಕು. ಎರಡು ವರ್ಷದಿಂದ ಹೀಗೇ ನಡೆದಿದೆ.

ಬೀದರ್‌ನಿಂದ: ಯಾದಗಿರಿ ಅಕ್ಕನ ಮಾತು ಒಪ್ಪಿದೆ. ತಮ್ಮಾ, ಮಾರ್ಚ್ ಲೆಕ್ಕ ಮುಗಿಯುವವರೆಗೆ ಡಬ್ಲ್ಯೂಎಸ್‌ಎಲ್‌ನಲ್ಲೇ ಇರು. ಆಮೇಲೂ ಉಬುಂಟು ಪೂರ್ತಿ ಬೇಕು ಅನ್ನಿಸಿದರೆ, ಅಪ್ಪನಿಗೆ ಹೇಳಿಯೇ ಕೈ ಹಾಕು.